ಟ್ಯಾಬ್ ಆಂಟಿ ಮತ್ತು ಅಣ್ಣನ ಬಲಗಿವಿ

ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಗಾಡಿ ತಿರುವಿನಾಚೆ ಎಲ್ಲೋ ಗಡಗಡ ಎನ್ನುತ್ತಿದೆ. ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಆಗಲೇ ಚಾಲೂ ಆಗಿದೆ, ಆದರೆ ಪರದೆ ಕಾಣುವುದಿಲ್ಲ. ಅದರ ಮೇಲೆ ಹಳೆಯ ದಿಂಬಿನ ಕವರೊಂದನ್ನು ಇಳಿಬಿಟ್ಟಿದ್ದಾರೆ. ಮುಂದೆ ಕುಳಿತಿರುವ, ಅರವತ್ತು ದಾಟಿದ ಹೆಂಗಸು ಮೌಸ್ ಮುಟ್ಟುವುದಿಲ್ಲ. ಎಡಗೈ ಕಿರುಬೆರಳಿನಿಂದ ಕೀಲಿಮಣೆಯ ಅಂಚಿನಲ್ಲಿರುವ ಟ್ಯಾಬ್ ಕೀಲಿಯೊಂದನ್ನೇ ಒತ್ತುತ್ತಾರೆ. ಒಂದು ಸಲ ಒತ್ತಿದರೆ ಪುಟದಲ್ಲಿ ಒಂದು ಹೆಜ್ಜೆ ಮುಂದೆ. ಸ್ಪೀಕರಿನಿಂದ ದನಿಯೊಂದು ಹೇಳುತ್ತದೆ, "ಬಟನ್." ಇನ್ನೊಂದು ಸಲ ಒತ್ತುತ್ತಾರೆ. "ಬಟನ್." ಮತ್ತೊಂದು ಸಲ. "ಬಟನ್."

"ಯಾವ ಬಟನ್ನೇ ಅದು ಪುಟ್ಟೀ? ಅಂಗೀದಾ, ಕೋಟಿಂದಾ?" ಪಕ್ಕದ ಕುರ್ಚಿಯಲ್ಲಿ ಕುಳಿತ ಅಣ್ಣ ಕೇಳುತ್ತಾರೆ. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಮೊದಲೆಲ್ಲ ಇಂಥ ಮಾತಿಗೆ ತಂಗಿ ಬಿದ್ದು ಬಿದ್ದು ನಗುತ್ತಿದ್ದರು. ಈಗ ನಗು ಬರುವುದಿಲ್ಲ. "ತಾರೀಕು ಅಣ್ಣ, ಅದೆಲ್ಲ ತಾರೀಕು," ಎನ್ನುತ್ತಾರೆ. ಅದು ಊರಿನ ದೊಡ್ಡಾಸ್ಪತ್ರೆಯ ಸರದಿ ಕಾಯ್ದಿರಿಸುವ ಪುಟ. ಕಣ್ಣಿದ್ದವರಿಗೆ ಅಲ್ಲಿ ಅಂದವಾದ ಕ್ಯಾಲೆಂಡರ್ ಕಾಣಿಸುತ್ತದೆ, ಬೇಕಾದ ದಿನದ ಮೇಲೆ ಬೆರಳಿಟ್ಟರೆ ಮುಗಿಯಿತು. ಅಣ್ಣನ ಪಾಲಿಗೆ ಇಡೀ ತಿಂಗಳೇ ಬಟನ್.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಈ ತಂತ್ರಾಂಶಕ್ಕೆ ಅಣ್ಣ ಇಟ್ಟಿರುವ ಹೆಸರು ವಾಚಾಳಿ. ಬೆಳಗಾಗುವ ಮುಂಚೆಯೇ ಇವರಿಬ್ಬರೂ ಕೆಲಸಕ್ಕೆ ಕೂರುವುದು ಅದಕ್ಕೋಸ್ಕರವೇ. ಬಸ್ಸುಗಳ ಹಾರ್ನ್, ಎದುರುಮನೆಯ ಮಿಕ್ಸಿ, ಕೆಳಗಿನ ವೆಲ್ಡಿಂಗ್ ಶೆಡ್ಡಿನ ಸದ್ದು ಒಮ್ಮೆ ಶುರುವಾದರೆ ವಾಚಾಳಿಯ ಸಣ್ಣ ತೊದಲು ಕಿವಿಗೆ ಸಿಕ್ಕುವುದಿಲ್ಲ. ಪುಟ ಎಲ್ಲಿ ಮುಗ್ಗರಿಸುತ್ತಿದೆ ಎಂದು ತಿಳಿಯಬೇಕಾದರೆ ಊರು ಬಾಯಿ ಮುಚ್ಚಿಕೊಂಡಿರಬೇಕು. ತಂಗಿ ತಾವೂ ಪರದೆ ನೋಡದೆ ಕೀಲಿ ಒತ್ತುವುದು, ಅಣ್ಣ ಕೇಳಿಸಿಕೊಂಡು ಇಲ್ಲಿ ಸರಿ, ಇಲ್ಲಿ ತಪ್ಪು ಎನ್ನುವುದು. ಎಷ್ಟೋ ವರ್ಷದಿಂದ ನಡೆದು ಬಂದ ಕ್ರಮ ಇದು.

ಜಾಲತಾಣಗಳು ಎಲ್ಲರಿಗೂ ತೆರೆದಿರಬೇಕು, ಅವನ್ನು ಕಟ್ಟುವುದಕ್ಕೊಂದು ಕಟ್ಟುಪಾಡು ಇರಬೇಕು ಎಂದು ಈ ಊರಿನಲ್ಲಿ ಮೊಟ್ಟಮೊದಲು ಬಾಯಿಬಿಟ್ಟವರು ಈ ತಂಗಿ. ಹಾಗಂತ ಎಷ್ಟು ಜನಕ್ಕೆ ಗೊತ್ತು ಹೇಳಿ? ವೆಬ್‌ಸೈಟ್ ಕಟ್ಟುವ ಎಳೆಯರ ನಡುವೆ ಮಾತ್ರ ಇವರಿಗೊಂದು ಹೆಸರಿದೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಟ್ಯಾಬ್ ಆಂಟಿ. "ಗೊತ್ತು ನಂಗೆ. ಕರೀಲಿ ಬಿಡಿ," ಎನ್ನುತ್ತಾರೆ ಇವರು. "ಹಾಗೆ ಕರೆದೋರು ಒಂದೇ ಒಂದ್ಸಲ ತಮ್ಮ ಪುಟದಲ್ಲಿ ಟ್ಯಾಬ್ ಒತ್ತಿ ನೋಡಿದ್ರೆ ಸಾಕಿತ್ತು. ನೋಡಲ್ವಲ್ಲ!"

ಇವರ ಮೊದಲ ಕೆಲಸ ದಿನಪತ್ರಿಕೆಯ ಪುಟ ಜೋಡಿಸುವುದು. ಕತ್ತರಿ, ಅಂಟು, ಅಳತೆಪಟ್ಟಿ. ಪತ್ರಿಕೆ ಅಂತರ್ಜಾಲಕ್ಕೆ ಕಾಲಿಟ್ಟಾಗ ಆ ಪುಟವನ್ನೂ ಇವರ ತಲೆಗೇ ಕಟ್ಟಿದರು. ಆಗ ಎಲ್ಲರೂ ಮಾಡುತ್ತಿದ್ದಂತೆ ಇವರೂ ಮನೆಮನೆಯಾಗಿ ಕೋಷ್ಟಕ ಹಾಕಿ, ಒಂದು ಮನೆಯಲ್ಲಿ ಸುದ್ದಿ, ಪಕ್ಕದ ಮನೆಯಲ್ಲಿ ಜಾಹೀರಾತು ತುಂಬಿ, ಅಚ್ಚಿನ ಪತ್ರಿಕೆಯ ತದ್ರೂಪ ಮಾಡಿಟ್ಟರು. ಸಂಪಾದಕರು ಭೇಷ್ ಎಂದರು. ಅಣ್ಣ ಆಗ ಇದೇ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಮಾತಾಡುವ ಕಂಪ್ಯೂಟರ್ ಅವರ ಕೈಗೆ ಹೊಸದಾಗಿ ಬಂದಿತ್ತು. ತಂಗಿ ಹೆಮ್ಮೆಯಿಂದ ಓಡಿಹೋಗಿ ತಮ್ಮ ಪುಟ ತೆರೆದು ಕೇಳಿಸಿದರು.

"ಅದು ಅಡ್ಡಡ್ಡ ಓದಿಕೊಂಡು ಹೋಯ್ತು ನೋಡಿ," ಎಂದು ನೆನೆಯುತ್ತಾರೆ. "'ಮಂತ್ರಿಗಳು ಸಭೆಯನ್ನು ಉದ್ಘಾಟಿಸಿ ಮಾತನಾಡುತ್ತಾ, ಹಳೇ ಸೋಫಾ ಮಾರಾಟಕ್ಕಿದೆ, ಸ್ಪ್ರಿಂಗ್ ಹೋಗಿದೆ.' ನನ್ನ ಅಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. 'ನಿಮ್ಮ ಪೇಪರಲ್ಲಿ ಇಷ್ಟು ನಿಜ ಯಾವತ್ತೂ ಬಂದಿರಲಿಲ್ಲ ಬಿಡೇ' ಅಂದ. ನಾನೂ ನಕ್ಕೆ. ಆಮೇಲೆ ಆಫೀಸಿನ ಬಚ್ಚಲಲ್ಲಿ ನಿಂತು ಅತ್ತೆ. ಅಷ್ಟು ದಿನ ಕಷ್ಟಪಟ್ಟು ಮಾಡಿದ ಪುಟ, ಮನೆಯವನಿಗೇ ಓದೋಕೆ ಬರಲ್ಲ ಅಂದ್ರೆ!"

ಅಂದಿನಿಂದ ಹಠ ಹಿಡಿದರು. ತಲೆಬರಹ ಕಣ್ಣಿಗೆ ದಪ್ಪಗೆ ಕಂಡರೆ ಸಾಲದು, ಇದು ತಲೆಬರಹ ಎಂದು ಪುಟದ ಒಡಲೊಳಗೆ ಬರೆದಿರಬೇಕು. ಚಿತ್ರಕ್ಕೆ ಒಂದು ಸಾಲಿನ ವಿವರಣೆ ಇರಬೇಕು. ಮೌಸ್ ಇಲ್ಲದೆ ಪುಟದ ಮೂಲೆಮೂಲೆಗೂ ಹೋಗಿಬರುವಂತಿರಬೇಕು. ಇಂಥವನ್ನೆಲ್ಲ ಕಲೆಹಾಕಿ ನಾಲ್ಕು ಹಾಳೆಯ ಕೈಪಿಡಿ ಮಾಡಿ, ಚೀಲಕ್ಕೆ ತುರುಕಿಕೊಂಡು ಕಚೇರಿ ಕಚೇರಿ ಅಲೆದರು. ಆಗ ಅರ್ಧಕ್ಕರ್ಧ ಸೈಟುಗಳು ಬಾಗಿಲಲ್ಲೇ ಇಂಥ ಬ್ರೌಸರಿನಲ್ಲಿ ಮಾತ್ರ ನೋಡಿ ಎಂದು ಅಪ್ಪಣೆ ಕೊಡಿಸುತ್ತಿದ್ದವು. ಅಂಥ ಸೈಟಿನ ಮಾಲೀಕರೆದುರು ಕುಳಿತು ಇವರು ಕೇಳುತ್ತಿದ್ದರು, "ನಿಮ್ಮ ಅಂಗಡಿಗೆ ಬರೋರು ಇಂಥ ಕಂಪನಿ ಚಪ್ಪಲೀನೇ ಹಾಕ್ಕೊಂಡು ಬರಬೇಕು ಅಂತ ಬೋರ್ಡ್ ಹಾಕ್ತೀರಾ ಸಾರ್?"

ಇವರ ಇನ್ನೊಂದು ಪಟ್ಟು ಕಂಪನಿಗಳಲ್ಲಿ ಹೆಸರುವಾಸಿ. ಸಭೆ ಶುರುವಾಗುತ್ತಲೇ ಮುಖ್ಯ ವಿನ್ಯಾಸಕನ ಮೌಸನ್ನು ವೈರು ಸಮೇತ ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಳ್ಳುವುದು. "ಈಗ ನಿಮ್ಮ ಸೈಟಲ್ಲಿ ಒಂದು ಸಾಮಾನು ಕೊಂಡು ತೋರ್ಸಪ್ಪ," ಎನ್ನುವುದು. ಪಾಪದವನು ಬೆವರುತ್ತಾನೆ, ಉಳಿದವರು ಚಪ್ಪಾಳೆ ತಟ್ಟಿ ನಗುತ್ತಾರೆ, ಕಣ್ಣು ತೆರೆಸಿದಿರಿ ಮೇಡಂ ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಮೌಸ್ ವಾಪಸ್ ಕೊಟ್ಟು ಇವರು ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆಯೇ. ಇವರ ಕೈಪಿಡಿಯನ್ನೇ ಇಟ್ಟುಕೊಂಡು ಸರ್ಕಾರ ನಿಯಮವನ್ನೂ ಮಾಡಿತು. ನಿಯಮ ಪಾಲಿಸದಿದ್ದರೆ ಏನಾಗುತ್ತದೆ ಎಂದು ಅದರಲ್ಲಿ ಬರೆದಿರಲಿಲ್ಲ, ಹೀಗಾಗಿ ಏನೂ ಆಗಲಿಲ್ಲ.

ಒಮ್ಮೆ ಪ್ರಶಸ್ತಿಯೂ ಬಂತು. ಅದನ್ನು ಕೊಟ್ಟ ಸಂಸ್ಥೆಯ ಸೈಟಿನಲ್ಲಿ ಇವರ ದೊಡ್ಡ ಫೋಟೊ ಹಾಕಿದ್ದಾರೆ ಎಂದು ಅಣ್ಣ ಸಡಗರದಿಂದ ತೆರೆದರೆ, ವಾಚಾಳಿ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಯಿತು. ಯಾರ ಚಿತ್ರ, ಏನು ಮಾಡಿದವರು, ಯಾಕೆ ಪ್ರಶಸ್ತಿ, ಒಂದೂ ಇಲ್ಲ. ಪದಕ ಈಗ ಇವರ ಅಡುಗೆಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ತಡೆಕೊಟ್ಟು ನಿಂತಿದೆ.

ಇವರನ್ನು ನಿಜಕ್ಕೂ ಹೈರಾಣ ಮಾಡಿರುವುದು ಈ ಉಡಾಫೆಯಲ್ಲ. ಬೈದವರನ್ನು, ಬಾಗಿಲು ಹಾಕಿದವರನ್ನು ಇವರು ತಡೆದುಕೊಂಡಾರು. ಸರಿಮಾಡಿದ್ದು ಉಳಿಯುವುದಿಲ್ಲ, ಅದು ತಡೆಯಲಾಗದ್ದು. ಕೈಕಾಲು ಹಿಡಿದು, ಪತ್ರ ಬರೆದು, ತಿಂಗಳುಗಟ್ಟಲೆ ಬೆನ್ನು ಬಿದ್ದು ಒಂದು ಪುಟವನ್ನು ದಾರಿಗೆ ತಂದರೆ, ಮರುವರ್ಷ ಯಾರೋ ಹೊಸ ಅಧಿಕಾರಿ ಬಂದು ಹೊಸ ವಿನ್ಯಾಸ ಬೇಕೆನ್ನುತ್ತಾರೆ. ಹಳೆಯ ಪುಟ ಇಡಿಯಾಗಿ ಕಸದ ಬುಟ್ಟಿಗೆ. ಅದರ ಜೊತೆ ಇವರ ತಿಂಗಳುಗಳೂ ಕಸದ ಬುಟ್ಟಿಗೆ. "ಬಸ್ಸಿನ ಟಿಕೆಟ್ ಪುಟ, ಕರೆಂಟ್ ಬಿಲ್ ಪುಟ, ಇವನ್ನೆಲ್ಲ ಎಷ್ಟು ಸಲ ಸರಿಮಾಡಿಸಿದೀನೋ ಲೆಕ್ಕ ಇಟ್ಟಿಲ್ಲ. ಇಟ್ಟಿದ್ರೆ ಹುಚ್ಚು ಹಿಡೀತಿತ್ತು," ಎನ್ನುತ್ತಾರೆ. ನೀರಿನಲ್ಲಿ ಮಾಡಿದ ಹೋಮ ಎನ್ನುವುದು ಇದಕ್ಕೇ ಇರಬೇಕು.

ಇನ್ನು ಅಣ್ಣನ ಕಿವಿಯ ವಿಷಯ. ಇದನ್ನು ಹೇಳುವಾಗ ಇವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

ಅಣ್ಣ ವಾಚಾಳಿಯನ್ನು ಎಂಥ ವೇಗದಲ್ಲಿ ಓಡಿಸುತ್ತಿದ್ದರೆಂದರೆ, ಬೇರೆಯವರಿಗೆ ಅದು ರೇಡಿಯೊ ಕೆಟ್ಟು ಗುರ್ ಎಂದಂತೆ ಕೇಳುತ್ತಿತ್ತು. ಅವರಿಗೆ ಒಂದೊಂದು ಅಕ್ಷರವೂ ಸ್ಪಷ್ಟ. ಒಂದು ಬೆಳಿಗ್ಗೆ ಬಂದು ಕುಳಿತವರು ವೇಗ ತಗ್ಗಿಸು ಎಂದರು. ಮತ್ತೂ ತಗ್ಗಿಸು ಎಂದರು. "ವಾಚಾಳಿ ಯಾಕೋ ಗೊಣಗ್ತಾ ಇದಾಳಲ್ಲೇ?" ಸ್ಪೀಕರ್ ಕೆಟ್ಟಿದೆ ಎಂದು ತಂಗಿ ಹೊಸದು ತಂದರು. ಹೊಸದೂ ಗೊಣಗಿತು. ಆಮೇಲೆ ಗೊತ್ತಾಯಿತು, ಬಲಗಿವಿಗೆ ಹತ್ತಿ ತುರುಕಿದ ಹಾಗಾಗಿದೆ, ಒಳಗೆ ಒಂದೇ ಸಮ ಶಿಳ್ಳೆ. ನೆಗಡಿ ಇರಬೇಕು, ಒಂದು ಸಲ ತೋರಿಸಿಬಿಡೋಣ ಎಂದುಕೊಂಡರು. ತೋರಿಸುವುದಕ್ಕೆ ಸರದಿ ಬೇಕು. ದೊಡ್ಡಾಸ್ಪತ್ರೆಯಲ್ಲಿ ಫೋನ್ ಮಾಡಿ ಸರದಿ ಹಿಡಿಯುವ ವ್ಯವಸ್ಥೆಯನ್ನು ಅಷ್ಟರಲ್ಲಿ ತೆಗೆದುಹಾಕಿದ್ದರು, ಎಲ್ಲ ಸೈಟಿನಲ್ಲೇ. ಅಣ್ಣ ಜೀವಮಾನವಿಡೀ ಕುಳಿತಿದ್ದ ಟೆಲಿಫೋನ್ ಕೋಣೆಗೆ ಈಗ ಬೀಗ.

ಅಣ್ಣ ಸೈಟು ತೆರೆದರು. ಬಟನ್, ಬಟನ್, ಬಟನ್. ಹೇಗೋ ಒಂದನ್ನು ಒತ್ತಿ ಮುಂದೆ ಹೋದರೆ ನೀವು ಯಂತ್ರವಲ್ಲ, ಮನುಷ್ಯರೆಂದು ರುಜುವಾತು ಮಾಡಿ ಎಂದಿತು. ರುಜುವಾತು ಏನು ಗೊತ್ತೇ? ಸೈಕಲ್ ಇರುವ ಚಿತ್ರಗಳನ್ನು ಆರಿಸುವುದು. "ಮನುಷ್ಯ ಅನ್ನಿಸಿಕೊಳ್ಳೋಕೆ ಕಣ್ಣು ಬೇಕಂತೆ ಕಣೇ," ಎಂದರು ಅಣ್ಣ. ಮೂಲೆಯಲ್ಲಿ ಅಂಗವಿಕಲರ ನೆರವಿಗೆಂದು ಒಂದು ನೀಲಿ ಗೊಂಬೆ ಬೇರೆ. ಅದನ್ನು ಒತ್ತಿದರೆ ಅದು ತನ್ನದೇ ದನಿಯಲ್ಲಿ ವಾಚಾಳಿಯ ಮೇಲೆ ಓದತೊಡಗಿತು, ಒಂದೇ ಬೆಂಚಿನ ಇಬ್ಬರು ಮಕ್ಕಳು ಬೇರೆ ಬೇರೆ ಮಗ್ಗಿ ಒಟ್ಟಿಗೆ ಒದರಿದ ಹಾಗೆ. ಒಂದೇ ಕಿವಿಯಲ್ಲಿ ಇಬ್ಬರ ಗಲಾಟೆ ಕೇಳುತ್ತಾ ಅಣ್ಣ ತಲೆ ಹಿಡಿದುಕೊಂಡರು.

ತಂಗಿ ದಿಂಬಿನ ಕವರ್ ಸರಿಸಿ, ಮೌಸ್ ಹಿಡಿದು, ಕಣ್ಣು ಬಿಟ್ಟುಕೊಂಡು ಆ ಕೆಲಸ ಮಾಡಿದ್ದರೆ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಮಾಡಲೇ ಎಂದು ಒಂದು ಸಲ ಕೇಳಿಯೂ ಕೇಳಿದರು. ಅಣ್ಣನಿಗೆ ಸಿಟ್ಟು ಬಂತು. "ಇಡೀ ಊರಿಗೆ ಆ ಆಸ್ಪತ್ರೆಯಿಂದ ಲೈನ್ ಕೊಟ್ಟೋನು ನಾನು. ನನ್ನ ಸರದಿ ನಾನು ತಗೊಳ್ಳೋಕಾಗಲ್ವಾ?" ತಂಗಿ ಎರಡನೆಯ ಸಲ ಕೇಳಲಿಲ್ಲ.

"ಕೇಳಲಿಲ್ಲ ಅಲ್ಲ, ಕೇಳೋದು ಬೇಡ ಅನ್ನಿಸ್ತು," ಎಂದು ತಾವೇ ತಿದ್ದಿಕೊಳ್ಳುತ್ತಾರೆ. "ಸತ್ಯ ಹೇಳ್ಬಿಡ್ತೀನಿ. ಒಳಗೊಳಗೆ ನಂಗೆ ಖುಷೀನೇ ಆಗಿತ್ತು. ಯಾಕೆ ಅಂದ್ರೆ, ಅಲ್ಲೀವರೆಗೂ ನಾನು ಯಾರಿಗೋ ಕಷ್ಟ ಆಗುತ್ತೆ, ಯಾರಿಗೋ ಕಷ್ಟ ಆಗುತ್ತೆ ಅಂತಿದ್ದೆ. ಈಗ ಒಬ್ಬ ಮನುಷ್ಯನನ್ನ ತೋರಿಸಬಹುದಿತ್ತು. ಅವರ ಆಸ್ಪತ್ರೇಲೇ ದುಡಿದೋನು, ಅವರ ಸೈಟಿಂದ ಆಚೆ ನಿಂತಿದಾನೆ ಅಂತ. ನಾನೇ ಸರದಿ ತೆಗೆದುಕೊಟ್ರೆ ಅವರು ಏನಂತಾರೆ? ಆಯ್ತಲ್ಲ ಮೇಡಂ, ಕೆಲಸ ಆಯ್ತಲ್ಲ ಅಂತಾರೆ. ಅದಕ್ಕೇ ಅಣ್ಣಂಗೆ ಹೇಳ್ದೆ, 'ತಾಳು, ಇನ್ನೊಂದು ವಾರ ತಾಳು, ಸರಿ ಮಾಡಿಸ್ತೀನಿ, ನೀನೇ ತಗೋ' ಅಂತ."

ಆಸ್ಪತ್ರೆಯ ಸೈಟು ನೋಡಿಕೊಳ್ಳುವ ಅಧಿಕಾರಿಯನ್ನು ಕಂಡು ಇವರು ಎಲ್ಲವನ್ನೂ ಬಿಡಿಸಿ ಹೇಳಿದರು. ಆತ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಕಾಫಿ ತರಿಸಿದ. ಯಂತ್ರದಿಂದ ಪರೀಕ್ಷೆ ಮಾಡಿಸಿದ್ದೇವೆ, ನೂರಕ್ಕೆ ನೂರು ಬಂದಿದೆ ಎಂದು ಪರದೆ ತಿರುಗಿಸಿ ತೋರಿಸಿದ. ಬರದೆ ಏನು? ಪ್ರತಿ ಬಟನ್ನಿಗೂ ಹೆಸರಿದೆಯೇ ಎಂದಷ್ಟೇ ಆ ಯಂತ್ರ ನೋಡುವುದು, ಹೆಸರಿತ್ತು. ಬಟನ್ ಎಂಬುದೇ ಆ ಹೆಸರು. ಮುಂದಿನ ವಾರ ಸರಿಪಡಿಸುತ್ತೇವೆ ಎಂದ. ಮುಂದಿನ ವಾರ ಹೋದರೆ ಅದರ ಮುಂದಿನ ವಾರ ಎಂದ. ಅಣ್ಣ ಪ್ರತಿ ಬೆಳಿಗ್ಗೆ ಮಹಡಿ ಹತ್ತಿ ಬಂದು, ಎಡಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕುಳಿತು ಪುಟ ಸರಿಹೋಯಿತೇ ಎಂದು ಕೇಳಿಸಿಕೊಂಡು ಹೋದರು. ಅತ್ತಿಗೆ ಕೆಳಗಿನಿಂದ ಗೊಣಗುತ್ತಲೇ ಇದ್ದರು. ಯಾವುದಾದರೂ ಖಾಸಗಿ ಡಾಕ್ಟರ ಹತ್ತಿರ ಹೋಗಬಾರದೇ ಎಂದರೆ, ಅಣ್ಣ ತಂಗಿ ಇಬ್ಬರೂ ಒಂದೇ ಬಾಯಲ್ಲಿ ಇನ್ನೇನು ಆಯಿತು, ಇನ್ನೇನು ಆಯಿತು ಎಂದರು.

ಕೊನೆಗೆ ಅತ್ತಿಗೆಯೇ ಗಂಡನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಕೌಂಟರಿನಲ್ಲಿ ಜಗಳವಾಡಿ, ಅತ್ತು, ಒಳಗೆ ನುಗ್ಗಿದರು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದರು. ಹೇಳಿದಾಗ ಪೆನ್ನು ಕೆಳಗಿಟ್ಟರು. ಇದು ನೆಗಡಿಯಲ್ಲ, ನರಕ್ಕೆ ಆದ ಪೆಟ್ಟು. ಇದ್ದಕ್ಕಿದ್ದಂತೆ ಹೀಗೆ ಕಿವಿ ಮಂಕಾದರೆ ಮೊದಲ ಕೆಲವು ದಿನಗಳಲ್ಲೇ ಬರಬೇಕು, ಆಗ ಔಷಧಿಯಿಂದ ಉಳಿಸುವ ಸಾಧ್ಯತೆ ಇರುತ್ತದೆ, ಈಗ ಮೀರಿಹೋಗಿದೆ ಎಂದರು. ಯಾಕೆ ಕಾದಿರಿ ಎಂದೂ ಕೇಳಿದರು. ಏನಂತ ಉತ್ತರಿಸುವುದು? ನಿಮ್ಮ ಪುಟ ಸರಿಹೋಗಲಿ ಎಂದು ಕಾದೆವು ಎಂದರೆ ಯಾವ ಡಾಕ್ಟರು ನಂಬುತ್ತಾರೆ?

ಮನೆಗೆ ಬಂದ ಅತ್ತಿಗೆ ನೇರ ಮಹಡಿ ಹತ್ತಿದರು. "ನಿನ್ನ ಚಳವಳಿಗೆ ನನ್ನ ಗಂಡನ ಕಿವಿಯೇ ಬೇಕಿತ್ತೇನೇ?" ಎಂದರು. ಅಷ್ಟೇ. ಕೂಗಾಡಲಿಲ್ಲ. ಅದಾದ ಮೇಲೆ ಅವರು ಈ ಕೋಣೆಗೆ ಕಾಲಿಟ್ಟಿಲ್ಲ. ಬೆಳಗಿನ ಚಹಾ ಅಣ್ಣನ ಕೈಯಲ್ಲಿ ಒಂದೇ ಲೋಟ ಬರುತ್ತದೆ. ಅಣ್ಣ ಅದನ್ನು ಅರ್ಧ ಕುಡಿದು ತಂಗಿಯ ಕಡೆ ಸರಿಸುತ್ತಾರೆ. ತಂಗಿ ಕುಡಿದು, ಲೋಟ ತೊಳೆದು ಅಣ್ಣನ ಕೈಗೇ ಕೊಡುತ್ತಾರೆ.

"ಅತ್ತಿಗೆ ಹೇಳಿದ್ರಲ್ಲಿ ತಪ್ಪೇನಿದೆ?" ಎಂದು ಕೇಳುತ್ತಾರೆ, ಕೇಳಿ ಉತ್ತರಕ್ಕೂ ಕಾಯುವುದಿಲ್ಲ. "ಕಣ್ಣಿಲ್ಲದೋನಿಗೆ ಕಿವಿಯೇ ಅಲ್ವಾ ದಾರಿ? ಅದನ್ನ ನಾನು ಪಣಕ್ಕಿಟ್ಟೆ. ಬೇರೆ ಯಾರ ಮನೇಲೂ ಇಂಥ ತಪ್ಪು ನಡೆಯಲ್ಲ. ಬೇರೆಯವರು ಪುಟ ಕೆಟ್ಟಿದ್ರೆ ಬೈಕೊಂಡು, ಕಣ್ಣಿರೋರ ಕೈಲಿ ಮಾಡಿಸ್ಕೊಂಡು, ಡಾಕ್ಟರ ಹತ್ರ ಹೋಗ್ತಾರೆ. ನಾವು ಪುಟ ಸರಿಯಾಗ್ಲಿ ಅಂತ ಕೂತ್ವಿ."

ಪುಟ ಸರಿಯಾಗಲಿಲ್ಲವೇ? ಆಯಿತು, ಅದೇ ಸಂಕಟ. ಡಾಕ್ಟರು ಕೈಚೆಲ್ಲಿದ ಕೆಲವೇ ದಿನಕ್ಕೆ ಆ ಅಧಿಕಾರಿ ಫೋನ್ ಮಾಡಿ ಸಂತೋಷದಿಂದ ಹೇಳಿದ, ಮುಗಿಸಿದ್ದೇವೆ ಮೇಡಂ, ನೋಡಿ. ಅಣ್ಣ ಬಂದು ಕುಳಿತರು. ವಾಚಾಳಿ ತಾರೀಕುಗಳನ್ನು ಒಂದೊಂದಾಗಿ, ವಾರದ ಸಮೇತ ಓದಿತು. ಎಡಗಿವಿಯನ್ನಾದರೂ ಕಾಪಾಡಿಕೊಳ್ಳಬೇಕು, ಆಗಾಗ ಬಂದು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರಲ್ಲ, ಅದರ ಸರದಿ ನಾನೇ ತೆಗೆದುಕೊಳ್ಳುತ್ತೇನೆ, ಇನ್ನೂ ಸಮಯವಿದೆ ಎಂದರು ಅಣ್ಣ. ಆ ಸಮಯ ಬರುವಷ್ಟರಲ್ಲಿ ಆಸ್ಪತ್ರೆಗೆ ವಾರ್ಷಿಕೋತ್ಸವ ಬಂತು, ವಾರ್ಷಿಕೋತ್ಸವಕ್ಕೆ ಹೊಸ ವಿನ್ಯಾಸ ಬಂತು. ಸೈಟಿನ ತುಂಬ ಈಗ ನಗುವ ರೋಗಿಗಳ ಚಿತ್ರಗಳು. ಹಳೆಯ ಅಧಿಕಾರಿಗೆ ವರ್ಗವಾಗಿದೆ. ಹೊಸಬರು ನಿಮ್ಮ ಸಲಹೆ ನಮಗೆ ಅಮೂಲ್ಯ ಎಂದು ಉತ್ತರ ಕಳಿಸಿದ್ದಾರೆ. ಅಣ್ಣ ತಂಗಿ ಈ ದಿನ ಬೆಳಗಾಗುವ ಮುಂಚೆಯೇ ಎದ್ದು ಕೇಳುತ್ತಿರುವುದು ಈ ಹೊಸ ಪುಟವನ್ನೇ.

"ಬಟನ್," ಎನ್ನುತ್ತದೆ ವಾಚಾಳಿ. ಕೆಳಗೆ ವೆಲ್ಡಿಂಗ್ ಶೆಡ್ಡಿನ ಬಾಗಿಲು ತೆಗೆದ ಸದ್ದು. ಅಣ್ಣ ಇನ್ನೊಂದು ಸಲ ನೋಡು, ಮೇಲಿನಿಂದ ಬಾ ಎನ್ನುತ್ತಾರೆ. ತಂಗಿ ಮೇಲಿನಿಂದ ಬರುತ್ತಾರೆ. ಬಟನ್. ಕೆಳಗಿನಿಂದ ಮೇಲೆ ಹೋಗುತ್ತಾರೆ. ಬಟನ್. ಇವರು ಕೀಲಿಮಣೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ದಿಂಬಿನ ಕವರನ್ನು ಎಳೆದು ಮಡಚಿ ಪಕ್ಕಕ್ಕಿಡುತ್ತಾರೆ, ಪರದೆಯ ಬೆಳಕು ಮುಖಕ್ಕೆ ಬೀಳುತ್ತದೆ. ಡ್ರಾಯರಿನಿಂದ ಮೌಸ್ ತೆಗೆಯುತ್ತಾರೆ.

"ಏನ್ ಮಾಡ್ತಿದೀಯ?" ಅಣ್ಣ ಕೇಳುತ್ತಾರೆ.

"ಸರದಿ ತಗೋತಿದೀನಿ."

"ಇನ್ನೊಂದು ವಾರ..."

"ಬೇಡ ಅಣ್ಣ. ಇನ್ನು ಒಂದು ದಿನಾನೂ ಕಾಯಲ್ಲ ನಾನು."

ಅಣ್ಣ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಬಸ್‌ ನಿಲ್ದಾಣದಲ್ಲಿ ಯಾರೋ ಕೈಹಿಡಿದು ಹತ್ತಿಸಲೆಂದು ಕಾಯುವವರಂತೆ ಕೂರುತ್ತಾರೆ. ಅಣ್ಣ ಹೀಗೆ ಕುಳಿತದ್ದನ್ನು ತಾವು ಈವರೆಗೆ ನೋಡಿರಲಿಲ್ಲ ಎಂದು ಆಮೇಲೆ ತಂಗಿ ಹೇಳುತ್ತಾರೆ. ಕ್ಯಾಲೆಂಡರಿನ ಮೇಲೆ ಒಂದು ಕ್ಲಿಕ್, ಸೈಕಲ್ ಚಿತ್ರಗಳ ಮೇಲೆ ನಾಲ್ಕಾರು, ಕೊನೆಗೆ ಇನ್ನೊಂದು. ಅಷ್ಟಕ್ಕೇ ಮುಗಿಯುತ್ತದೆ.

"ಆಯ್ತಾ?"

"ಆಯ್ತು."

"ಏನಂತ ಬಂತು ಅದರಲ್ಲಿ?"

ತಂಗಿ ಕುರ್ಚಿಯಿಂದೆದ್ದು, ಸುತ್ತಿಕೊಂಡು ಅಣ್ಣನ ಎಡಗಡೆಗೆ ಬಂದು, ಬಾಗಿ, ನಿಮ್ಮ ಸರದಿ ಖಚಿತವಾಗಿದೆ ಎಂದು ಓದಿ ಹೇಳುತ್ತಾರೆ. ಅಣ್ಣ ತಲೆಯಾಡಿಸುತ್ತಾರೆ. ಗೋಡೆ ಹಿಡಿದು ಮೆಟ್ಟಿಲಿಳಿದು ಹೋಗುತ್ತಾರೆ. ಅವರು ತಂದಿಟ್ಟ ಚಹಾ ಈ ಸಲ ಲೋಟದಲ್ಲಿ ಹಾಗೇ ಉಳಿದಿದೆ.

ಇವರು ಮತ್ತೆ ಕೀಲಿಮಣೆಯ ಮುಂದೆ ಕೂರುತ್ತಾರೆ. ಹೊಸ ಅಧಿಕಾರಿಗೆ ಹೊಸದಾಗಿ ಪತ್ರ ಬರೆಯಬೇಕು, ಯಾವ ಬಟನ್ನಿಗೆ ಏನು ಹೆಸರಿಡಬೇಕು ಎಂದು ಮೊದಲಿನಿಂದ ಬಿಡಿಸಿ ಹೇಳಬೇಕು. ಪ್ರಯೋಜನವಾದೀತು ಎಂಬ ನಂಬಿಕೆ ಇದೆಯೇ ಎಂದರೆ ಇಲ್ಲ ಎನ್ನುತ್ತಾರೆ, ಸ್ವಲ್ಪವೂ ಇಲ್ಲ. ಹಾಗಾದರೆ ಯಾಕೆ ಬರೆಯುವುದು? ಬೆರಳು ಟೈಪು ಮಾಡುವುದನ್ನು ನಿಲ್ಲಿಸದೆಯೇ ಉತ್ತರ ಕೊಡುತ್ತಾರೆ.

"ದೊಡ್ಡ ಆಸೆ ಏನಿಲ್ಲ ನಂಗೆ. ಊರಿನ ಸೈಟೆಲ್ಲ ಸರಿಹೋಗುತ್ತೆ ಅನ್ನೋ ಭ್ರಮೆ ಬಿಟ್ಟಾಯ್ತು. 'ನಿಮ್ಮ ಸರದಿ ಖಚಿತವಾಗಿದೆ' ಅನ್ನೋ ಆ ಒಂದು ಮಾತನ್ನ ಅವನು ನನ್ನ ಬಾಯಿಂದ ಕೇಳೋದು ಬೇಡ. ಒಂದೇ ಒಂದ್ಸಲ, ತಾನೇ ಒತ್ತಿ, ವಾಚಾಳಿ ಬಾಯಿಂದ ಕೇಳ್ಲಿ. ಅವಳು ಹೇಳಿದ್ದು ಕೇಳಿಸೋ ಅಷ್ಟು ದಿನ ಆ ಎಡಗಿವಿ ಇರಲಿ."